ಡಬಲ್‌ಬ್ರೇಕ್ ಮೇಷ್ಟ್ರು ಮತ್ತು ಮೂರು ತಿಂಗಳ ಸೂಜಿ

ನಮ್ಮ ಭಾವನಿಗೆ ಕ್ಯಾನ್ಸರ್ ಬಂದಾಗ ಮನೆಯವರೆಲ್ಲ ಹೆದರಿದೆವು. ಆದರೆ ಕ್ಯಾನ್ಸರ್ ಹಿಂದೆ ಸರಿಯತೊಡಗಿದ ಮೇಲೆ ಶುರುವಾಯಿತು ನೋಡಿ, ನಿಜವಾದ ಗೋಳು. ಹೆದರಿದ್ದಕ್ಕಾದರೂ ಒಂದು ಮರ್ಯಾದೆ ಇತ್ತು. ಜನ ಹಣ್ಣು ತಂದರು, ಕೈ ಹಿಡಿದು ಮಾತಾಡಿದರು. ಆಮೇಲಿನ ಗೋಳಿಗೆ ಯಾರೂ ಹಣ್ಣು ತರಲಿಲ್ಲ. ಅದೊಂದು ಗೋಳು ಎಂದು ಒಪ್ಪಲೂ ಯಾರೂ ತಯಾರಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಲಾಂಡ್ರಿಗೂ ಕನ್ನಡಕದಂಗಡಿಗೂ ನಡುವೆ ಇಕ್ಕಟ್ಟಾಗಿ ಸಿಕ್ಕಿಕೊಂಡಿರುವ ಒಂದು ಕೋಣೆಯೇ ನಮ್ಮ ಡ್ರೈವಿಂಗ್ ಶಾಲೆ. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಪಟ, ಮೂಲೆಯ ಮೇಜಿನ ಮೇಲೆ ಹೊಟ್ಟೆ ಸೀಳಿಟ್ಟ ಹಳೆಯ ಗೇರ್‌ಬಾಕ್ಸ್, ಬಾಗಿಲ ಹೊರಗೆ ಎರಡು ಕಾರು. ಒಂದರಲ್ಲಿ ಭಾವ ಕಲಿಸುತ್ತಾರೆ, ಇನ್ನೊಂದರಲ್ಲಿ ನಾನು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಭಾವನ ಕಾಲು ಎಷ್ಟು ಚುರುಕಾಗಿತ್ತೆಂದರೆ ಕಲಿಯುವವರು ಅವರಿಗೆ ಡಬಲ್‌ಬ್ರೇಕ್ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಕೋಪ ಮೂಗಿನ ತುದಿಯಲ್ಲಿ, ನಗು ಅದರ ಪಕ್ಕದಲ್ಲೇ. "ಕ್ಲಚ್ಚು ಅಂದ್ರೆ ಇರುವೆ ಅಲ್ಲ ತಾಯಿ, ಹಾಗೆ ತುಳೀಬೇಡ" ಎಂದು ಗದರಿ, ಮರುಕ್ಷಣ ತಾವೇ ನಗುತ್ತಿದ್ದರು. ಊರಿನ ಒಂದೊಂದು ಸಂದಿಯೂ, ಯಾವ ತಿರುವಿನಲ್ಲಿ ಯಾವ ಹೊತ್ತಿಗೆ ಹಾಲಿನ ಲಾರಿ ಅಡ್ಡ ನಿಂತಿರುತ್ತದೆ ಎನ್ನುವುದೂ ಅವರಿಗೆ ಬಾಯಿಪಾಠ.

ಅರವತ್ತು ದಾಟುವ ಹೊತ್ತಿಗೆ ಪಾಠದ ನಡುವೆ ಪದೇ ಪದೇ ಗಾಡಿ ನಿಲ್ಲಿಸಿ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡುವುದು ಶುರುವಾಯಿತು. ಅಕ್ಕ ಬೆನ್ನು ಬಿಡದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆ, ಸ್ಕ್ಯಾನು, ಸೂಜಿ ಚುಚ್ಚಿ ತುಣುಕು ತೆಗೆಯುವುದು ಎಲ್ಲ ಆಗಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಗ್ರಂಥಿಯ ಗಡಿ ದಾಟಿ ಸ್ವಲ್ಪ ಹೊರಗೆ ಕಾಲಿಟ್ಟಿದೆ, ಆದರೆ ದೂರ ಹೋಗಿಲ್ಲ ಎಂದರು ಡಾಕ್ಟರು. ವಿಕಿರಣ ಕೊಡುವುದು, ಜೊತೆಗೆ ಮೂರು ತಿಂಗಳಿಗೊಮ್ಮೆ ಒಂದು ಸೂಜಿ, ಎರಡು ವರ್ಷ.

"ಈ ಕ್ಯಾನ್ಸರಿಗೆ ಗಂಡಸಿನ ಹಾರ್ಮೋನೇ ಊಟ. ಸೂಜಿ ಆ ಊಟ ನಿಲ್ಲಿಸುತ್ತೆ" ಎಂದರು ಅವರು. ವಯಸ್ಸು ನಲವತ್ತರ ಆಸುಪಾಸು, ಮೃದು ಮಾತು, ಕಣ್ಣು ಮಾತ್ರ ಸದಾ ಕಂಪ್ಯೂಟರಿನ ಮೇಲೆ. "ಸ್ವಲ್ಪ ಸೆಖೆ ಅನ್ನಿಸಬಹುದು, ಸುಸ್ತಾಗಬಹುದು. ಅಷ್ಟೇ."

ಅಷ್ಟೇ! ಆ ಒಂದು ಮಾತನ್ನು ನೆನೆದು ಅಕ್ಕ ಮುಂದೆ ಎಷ್ಟು ಸಲ ಹಲ್ಲು ಕಚ್ಚಿದಳೋ ಲೆಕ್ಕವಿಲ್ಲ.

ವಿಕಿರಣ ಮುಗಿಯಿತು. ಕ್ಯಾನ್ಸರ್ ಎಷ್ಟಿದೆಯೆಂದು ಸೂಚಿಸುವ, ರಕ್ತದಲ್ಲಿನ ಪಿಎಸ್‌ಎ ಎಂಬ ಸಂಖ್ಯೆ ಮೆಟ್ಟಿಲಿಳಿದ ಹಾಗೆ ಇಳಿದು ನೆಲ ಮುಟ್ಟಿತು. ಡಾಕ್ಟರು ಭೇಷ್ ಎಂದರು. ಭಾವನ ಅಣ್ಣ ಬಂದು ತಮ್ಮನ ಬೆನ್ನು ತಟ್ಟಿ, "ಗೆದ್ದುಬಿಟ್ಟೆ ಕಣೋ" ಎಂದರು. ಗೆದ್ದ ಮನುಷ್ಯ ಸೋಫಾದ ತುದಿಯಲ್ಲಿ ಕೂತು ಅಂಗಿಯ ಗುಂಡಿ ಬಿಚ್ಚಿಕೊಂಡು ವೃತ್ತಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಹೊರಗೆ ಜನ ಸ್ವೆಟರ್ ಹಾಕಿಕೊಂಡು ಓಡಾಡುತ್ತಿದ್ದ ಕಾಲ ಅದು.

ಮೊದಲು ಸೆಖೆಯ ಜಗಳ. ಎದೆಯಿಂದ ಹೊರಟ ಕಾವು ಕುತ್ತಿಗೆ ಹತ್ತಿ ಮುಖಕ್ಕೆ ಬಂದರೆ ಭಾವನಿಗೆ ಲೋಕವೇ ಬೇಡ. ಪಾಠದ ನಡುವೆ ಕಾರಿನ ನಾಲ್ಕೂ ಕಿಟಕಿ ಇಳಿಸಿ, ಏಸಿ ತಿರುವಿ, ಕಲಿಯುತ್ತಿದ್ದವರು ನಡುಗುವ ಹಾಗೆ ಮಾಡುತ್ತಿದ್ದರು. ಒಬ್ಬಳು ಮಫ್ಲರ್ ಸುತ್ತಿಕೊಂಡು ಪಾಠಕ್ಕೆ ಬರತೊಡಗಿದಳು. ಎದೆ ಹುಣ್ಣಾದ ಹಾಗೆ ನೋಯುತ್ತದೆಂದು ಸೀಟ್ ಬೆಲ್ಟಿಗೆ ಟವೆಲ್ ಸುತ್ತಿದರು. ಸೊಂಟ ದಪ್ಪವಾಯಿತು, ತೋಳು ಸಣ್ಣದಾಯಿತು. ಒಳ್ಳೆಯ ನಿದ್ದೆ ಎನ್ನುವುದು ಹಳೆಯ ಸಂಗತಿಯಾಯಿತು. ಇದೆಲ್ಲ ಹೇಗೋ ಸಹಿಸಬಹುದಿತ್ತು. ದೇಹದ್ದು ಕಣ್ಣಿಗೆ ಕಾಣುತ್ತದೆ, ಬೈದುಕೊಂಡಾದರೂ ಸುಮ್ಮನಾಗಬಹುದು.

ಮನಸ್ಸಿನದು ಹಾಗಲ್ಲ. ಒಂದು ಮಧ್ಯಾಹ್ನ ಅಕ್ಕ ಫೋನು ಮಾಡಿದಳು.

"ನಿಮ್ ಭಾವ ಅಳ್ತಿದಾರೆ."

"ಏನಾಯ್ತೇ?"

"ಟೀವೀಲಿ ನೆಲ ಒರೆಸೋ ದ್ರಾವಣದ ಜಾಹೀರಾತು ಬಂತು. ಮಗು ನೆಲದ ಮೇಲೆ ಹಾಲು ಚೆಲ್ಲುತ್ತೆ, ತಾಯಿ ನಗ್ತಾಳೆ. ಅದಕ್ಕೆ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು, "ನಗಬೇಡ. ನಮ್ಮಪ್ಪ ಹೋದಾಗ್ಲೂ ಅಳದ ಮನುಷ್ಯ ಕಣೇ ಇದು."

ಅಳು ಮುಗಿದರೆ ಸಿಡುಕು. ಕನ್ನಡಕ ಎಲ್ಲಿಟ್ಟೆ ಎಂದು ಅಕ್ಕನ ಮೇಲೆ ಹರಿಹಾಯುತ್ತಿದ್ದರು. ಅದು ಅವರ ಜೇಬಿನಲ್ಲೇ ಸಿಕ್ಕರೆ, ಇಲ್ಲಿಟ್ಟವಳೂ ನೀನೇ ಎನ್ನುತ್ತಿದ್ದರು. ಸಿಡುಕು ಮುಗಿದರೆ ಮೌನ. ಕುರ್ಚಿಯಲ್ಲಿ ಕೂತರೆ ಕೂತದ್ದೇ. ಊಟಕ್ಕೆ ಕರೆದರೆ ಬೇಡ, ಹೊರಗೆ ಹೋಗೋಣವೆಂದರೆ ಬೇಡ. "ಬೇರೆ ವಿಷಯ ಬಿಡು, ಅದು ಮುಗೀತು ಅಂತ ನಾನೂ ಒಪ್ಕೊಂಡಿದೀನಿ" ಎಂದಳು ಅಕ್ಕ ಒಂದು ದಿನ, ಬಟ್ಟೆ ಮಡಿಸುತ್ತ, ನನ್ನ ಮುಖ ನೋಡದೆ. "ಸುಮ್ನೆ ಕೈ ಹಿಡಿದ್ರೂ ಕಿತ್ಕೋತಾರೆ. ನಾನೇನು ಕೆಂಡವೇ?"

ಇದರ ಜೊತೆಗೆ ಮಾತುಗಳು ಜಾರತೊಡಗಿದವು. ಎಂದೂ ಮರೆಯದ ಮಾತುಗಳು. "ಆ ಇದನ್ನ ಒತ್ತು... ಅದೇ... ಎಡಗಾಲಿಂದು" ಎಂದು ಕ್ಲಚ್ಚಿಗಾಗಿ ತಡಕಾಡಿದ್ದನ್ನು ನಾನೇ ಕೇಳಿಸಿಕೊಂಡೆ. ಒಬ್ಬರಿಗೆ ಹೇಳಿದ ಸಮಯವನ್ನೇ ಇನ್ನೊಬ್ಬರಿಗೂ ಹೇಳಿದ್ದರಿಂದ ಇಬ್ಬರೂ ಬಂದು ಬಾಗಿಲಲ್ಲಿ ನಿಂತು ನನ್ನೊಡನೆ ಜಗಳವಾಡಿದರು.

ಯಾರಿಗೆ ಹೇಳುವುದು? ಭಾವನ ಅಣ್ಣನಿಗೆ ಹೇಳಿದರೆ, "ವಯಸ್ಸಾಯ್ತಮ್ಮ, ನನಗೂ ಹೆಸರು ಮರೆಯುತ್ತೆ" ಎಂದರು. ಅವರೆದುರು ಭಾವ ಬೇರೆಯೇ ಮನುಷ್ಯ. ಅಣ್ಣ ಬರುತ್ತಾರೆಂದರೆ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು, ಎರಡು ಜೋಕು ಹೇಳಿ, ಬಾಗಿಲವರೆಗೆ ಹೋಗಿ ಬೀಳ್ಕೊಟ್ಟು, ತಿರುಗಿ ಬಂದು ಕುಸಿದು ಕೂರುತ್ತಿದ್ದರು. ಅಣ್ಣ ಹೊರಗೆ ಹೋಗಿ, "ಅವನು ಚೆನ್ನಾಗೇ ಇದಾನೆ, ಹೆಂಗಸರೇ ಗಾಬರಿ ಮಾಡ್ಕೊಂಡಿದಾರೆ" ಎಂದು ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದರು. ನಮಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಡಾಕ್ಟರಿಗೆ ಹೇಳಲೂ ನೋಡಿದೆವು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅವರು ಪರದೆ ನೋಡಿ, "ಸಂಖ್ಯೆ ತುಂಬಾ ಚೆನ್ನಾಗಿದೆ" ಎಂದರು. ಭಾವ ಎದ್ದು ನಿಂತು ನಮಸ್ಕಾರ ಹೇಳಿಬಿಟ್ಟರು. ಭೇಟಿ ಮುಗಿಯಿತು. ದಾರಿಯುದ್ದಕ್ಕೂ ಗಂಡ ಹೆಂಡತಿ ಜಗಳ. "ಯಾಕೆ ಹೇಳ್ಲಿಲ್ಲ ನೀವು?" "ಏನಂತ ಹೇಳ್ಲಿ? ಜಾಹೀರಾತು ನೋಡಿ ಅಳ್ತೀನಿ ಅಂತ ಹೇಳ್ಲಾ?"

ಆಮೇಲೆ ವೃತ್ತದ ಘಟನೆ ನಡೆಯಿತು.

ಪಕ್ಕದ ಕನ್ನಡಕದಂಗಡಿಯ ಒಡತಿ ಭಾವನ ಬಳಿ ಕಾರು ಕಲಿಯುತ್ತಿದ್ದಳು. ಜಗತ್ತಿನ ಜನರ ಕಣ್ಣೆಲ್ಲ ಸರಿಮಾಡುವವಳು, ಸ್ಟೇರಿಂಗ್ ಹಿಡಿದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುವ ಪುಕ್ಕಲಿ. ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದಳು. ಊರ ಮಧ್ಯದ ದೊಡ್ಡ ವೃತ್ತವೆಂದರೆ ಅವಳಿಗೆ ಯಮ. ಐದು ದಿಕ್ಕಿನಿಂದ ಗಾಡಿಗಳು ನುಗ್ಗುವ ಜಾಗ ಅದು. ಆ ದಿನ ಬೆಳಗಿನ ಪಾಠದಲ್ಲಿ ಭಾವ ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದರು. ಒಳಗೆ ಸೇರಿಕೊಂಡಳು. ಮೊದಲ ರಸ್ತೆ ದಾಟಿತು, ಎರಡನೆಯದು ದಾಟಿತು. "ಮೇಷ್ಟ್ರೇ, ಎಲ್ಲಿ ಹೊರಗೆ ಹೋಗ್ಲಿ?" ಎಂದು ಕೇಳಿದಳು. ಭಾವ, "ಇನ್ನೊಂದು ಸುತ್ತು" ಎಂದರು. ಅಭ್ಯಾಸಕ್ಕಿರಬೇಕು ಅಂದುಕೊಂಡಳು. ಮತ್ತೆ ಕೇಳಿದಳು. "ಇನ್ನೊಂದು ಸುತ್ತು." ಹಿಂದಿನವರು ಹಾರ್ನ್ ಹೊಡೆದು ಹಿಡಿಶಾಪ ಹಾಕುತ್ತಿದ್ದರು. ಕೊನೆಗೆ ಅವಳು ಓರೆಗಣ್ಣಲ್ಲಿ ನೋಡಿದರೆ, ಮೇಷ್ಟ್ರು ಎರಡೂ ಕೈಯಿಂದ ಡ್ಯಾಶ್‌ಬೋರ್ಡು ಹಿಡಿದುಕೊಂಡು ಬಿಕ್ಕುತ್ತಿದ್ದಾರೆ.

"ಗೊತ್ತಾಗ್ತಿಲ್ಲಮ್ಮ" ಎಂದರಂತೆ. "ನಮ್ಮ ರಸ್ತೆ ಯಾವುದು ಅಂತ ಗೊತ್ತಾಗ್ತಿಲ್ಲ."

ಆ ಪುಕ್ಕಲಿ, ಆ ಕ್ಷಣ ಅದೆಲ್ಲಿಂದ ಧೈರ್ಯ ತಂದುಕೊಂಡಳೋ. ಸೂಚಕ ದೀಪ ಹಾಕಿ, ಒಂದು ಬಸ್ಸಿಗೆ ದಾರಿ ಬಿಟ್ಟು, ವೃತ್ತದಿಂದ ಹೊರಬಿದ್ದು, ಅಳುವ ಮೇಷ್ಟ್ರನ್ನು ಪಕ್ಕದಲ್ಲಿಟ್ಟುಕೊಂಡು ಶಾಲೆಯ ಬಾಗಿಲಿಗೆ ಕಾರು ತಂದು ನಿಲ್ಲಿಸಿದಳು. ಒಳಗೆ ಬಂದು ಕೀಲಿಕೈ ನನ್ನ ಅಂಗೈಯಲ್ಲಿಟ್ಟಳು.

"ನಾನೇ ಓಡಿಸಿದೆ. ಪೂರ್ತಿ ನಾನೇ" ಎಂದಳು. "ಖುಷಿಪಡಬೇಕೋ ಏನೋ ಗೊತ್ತಾಗ್ತಿಲ್ಲ. ಮೊದಲು ಅವರನ್ನ ನೋಡಿ."

ಭಾವ ಕಾರಿನಿಂದ ಇಳಿಯಲಿಲ್ಲ. ನಾನು ಹೋಗಿ ಬಾಗಿಲು ತೆಗೆದಾಗ, "ಇವತ್ತಿಂದ ನಾನು ಕಲಿಸಲ್ಲ" ಎಂದಷ್ಟೇ ಹೇಳಿದರು. ಅವರ ಪಾಠಗಳನ್ನೆಲ್ಲ ನಾನೇ ವಹಿಸಿಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು ಸೊಂಟ ಹಿಡಿದುಹೋಯಿತು. ನಿಜ ಹೇಳಬೇಕೆಂದರೆ ಭಾವನ ಮೇಲೆ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಕನಿಕರಪಡುವುದಕ್ಕೂ ಸ್ವಲ್ಪ ಬಿಡುವು ಬೇಕಲ್ಲ!

ಆ ಸಿಟ್ಟು ನೆತ್ತಿಗೇರಿದ್ದು ಆಸ್ಪತ್ರೆಯಿಂದ ಶಾಲೆಗೆ ಫೋನು ಬಂದ ದಿನ. ಅಲ್ಲಿನ ನಂಬರಿನ ಪಟ್ಟಿಯಲ್ಲಿ ಮನೆಯದಲ್ಲದೆ ಶಾಲೆಯದೂ ಇತ್ತು.

"ಹೋದ ತಿಂಗಳು ಸೂಜಿಗೆ ಬರಲೇ ಇಲ್ವಲ್ಲ, ಯಾವಾಗ ಬರ್ತಾರೆ?" ಎಂದು ಆ ಕಡೆಯ ಹುಡುಗಿ ಕೇಳಿದಳು.

"ಬಂದಿದ್ರಲ್ಲ" ಎಂದೆ.

"ಇಲ್ಲ ಮೇಡಂ, ಬಂದಿಲ್ಲ."

ಹೋಗಿದ್ದರು. ಅಕ್ಕ ಜೊತೆಗೆ ಬರುತ್ತೇನೆಂದರೂ ಬೇಡವೆಂದು ಒಬ್ಬರೇ ಬಸ್ಸು ಹತ್ತಿ ಹೋಗಿ, ಹೊಟ್ಟೆಯ ಮೇಲೆ, ಸೂಜಿ ಚುಚ್ಚುವ ಜಾಗದಲ್ಲಿ, ಬಿಳಿ ಪಟ್ಟಿ ಅಂಟಿಸಿಕೊಂಡೇ ಬಂದಿದ್ದರು. ಅಕ್ಕ ಆ ಪಟ್ಟಿಯನ್ನು ಮಾರನೆಯ ದಿನ ಮೆಲ್ಲಗೆ ಕಿತ್ತೂ ಇದ್ದಳು.

ನಾನು ಅಕ್ಕನಿಗೆ ಹೇಳದೆ ನೇರ ಮನೆಗೆ ಹೋದೆ. "ಭಾವ, ಬನ್ನಿ, ನನ್ನ ಕಾರಿನ ಬ್ರೇಕು ಒಂಥರಾ ಆಡ್ತಿದೆ, ಸ್ವಲ್ಪ ನೋಡಿ" ಎಂದೆ. ಬ್ರೇಕೆಂದರೆ ಅವರಿಗೆ ಇನ್ನೂ ಸುಮ್ಮನಿರಲು ಆಗುತ್ತಿರಲಿಲ್ಲ. ಟವೆಲ್ ತಂದು ಸೀಟ್ ಬೆಲ್ಟಿಗೆ ಸುತ್ತಿಕೊಂಡು ಕೂತರು. ಊರ ಹೊರಗಿನ ಪರೀಕ್ಷಾ ಮೈದಾನದ ಅಂಚಿಗೆ ಹೋಗಿ ಎಂಜಿನ್ ಆರಿಸಿದೆ.

"ಬ್ರೇಕು ಚೆನ್ನಾಗೇ ಇದೆಯಲ್ಲ" ಎಂದರು.

"ಬ್ರೇಕು ಚೆನ್ನಾಗಿದೆ. ಸೂಜಿ ಹಾಕಿಸ್ಕೊಂಡ್ರಾ?"

ಭಾವ ಕಿಟಕಿಯಾಚೆ ನೋಡಿದರು. ಮೈದಾನದಲ್ಲಿ ಯಾರೋ ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತರುತ್ತ ಕಂಬವೊಂದನ್ನು ಉರುಳಿಸಿದರು.

"ನಿಮ್ಮಕ್ಕನಿಗೆ ಹೇಳ್ದೆಯಾ?"

"ಇನ್ನೂ ಇಲ್ಲ. ಏನ್ ಭಾವ ಇದು? ನಾಟಕಕ್ಕೆ ಪಟ್ಟಿ ಬೇರೆ! ಅವಳು ನಿಮಗೋಸ್ಕರ ಅನ್ನ ನಿದ್ದೆ ಬಿಟ್ಟಿದಾಳೆ, ನಾನು ಎರಡು ಕಾರಿಗೆ ಒಬ್ಬಳೇ ಸಾಯ್ತಿದೀನಿ, ನೀವು ಆಸ್ಪತ್ರೆ ಬಾಗಿಲವರೆಗೆ ಹೋಗಿ ವಾಪಸ್ ಬಂದ್ರಾ?"

"ಬಾಗಿಲವರೆಗಲ್ಲ. ಒಳಗೂ ಹೋದೆ. ಸಾಲಲ್ಲೂ ಕೂತೆ." ಅವರ ಹಣೆಯಲ್ಲಿ ಬೆವರು ಹನಿಯತೊಡಗಿತು. ನಾನು ಕಿಟಕಿ ಇಳಿಸಿದೆ. "ಇನ್ನೇನು ಹೆಸರು ಕರೀತಾರೆ ಅನ್ನುವಾಗ ಎದ್ದು ಬಂದೆ. ಮೆಡಿಕಲ್ ಶಾಪಲ್ಲಿ ಪಟ್ಟಿ ತಗೊಂಡು ಬಸ್ ಸ್ಟಾಪಲ್ಲಿ ಅಂಟಿಸ್ಕೊಂಡೆ."

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ! ಕ್ಯಾನ್ಸರು ಇದ್ದಾಗ ನಾನು ನಾನೇ ಆಗಿದ್ದೆ ಕಣೇ. ನೋವಿತ್ತು, ಭಯ ಇತ್ತು, ಆದ್ರೆ ನಾನಿದ್ದೆ. ಈ ಸೂಜಿ ಬಂದ ಮೇಲೆ ನಾನೇ ಇಲ್ಲ. ಬೆಳಗಾದ್ರೆ ಯಾವನೋ ಒಬ್ಬ ನನ್ನ ಚಪ್ಪಲಿ ಹಾಕ್ಕೊಂಡು ಓಡಾಡ್ತಾನೆ, ಅಳ್ತಾನೆ, ನಿಮ್ಮಕ್ಕನ ಮೇಲೆ ಕೂಗ್ತಾನೆ. ಆ ವೃತ್ತದಲ್ಲಿ..." ಬೆವರು ಒರೆಸಿಕೊಂಡರು. "ಒಬ್ಬರ ಜೀವ ನನ್ನ ಕಾಲ ಕೆಳಗಿತ್ತು. ನಾನು ಎಲ್ಲಿದೀನಿ ಅಂತಾನೇ ನನಗೆ ಗೊತ್ತಿರ್ಲಿಲ್ಲ. ಎಷ್ಟು ದಿನ ಬದುಕಿದ್ರೂ ಹೀಗೇ ಅಂದ್ರೆ, ಬದುಕಿ ಏನ್ ಮಾಡ್ಲಿ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. "ಭಾವ, ಸಾಯೋ ಯೋಚನೆ ಏನಾದ್ರೂ ಬರುತ್ತಾ?" ಎಂದು ನೇರವಾಗಿ ಕೇಳಿದೆ. ಕೇಳಬಾರದೇನೋ ಅನ್ನಿಸಿತು, ಆದರೂ ಕೇಳಿದೆ.

"ಸಾಯ್ಬೇಕು ಅಂತಲ್ಲ. ಎಚ್ಚರ ಆಗ್ದೇ ಇದ್ರೆ ಚೆನ್ನಾಗಿತ್ತು ಅನ್ಸುತ್ತೆ, ಕೆಲವು ಬೆಳಗ್ಗೆ" ಎಂದರು. "ಇದನ್ನ ಯಾರಿಗೂ ಹೇಳಿಲ್ಲ. ಹೇಳಿದ್ರೆ ಏನಂತಾರೆ? ಗಂಡಸಾಗಿ ಅಂತಾರೆ. ಗಂಡಸುತನಾನೇ ಕಿತ್ಕೊಂಡು, ಆಮೇಲೆ ಗಂಡಸಾಗಿ ಅಂತಾರೆ."

ಆ ಕೊನೆಯ ಮಾತಿಗೆ ಅವರಿಗೇ ಸ್ವಲ್ಪ ನಗು ಬಂತು. ನಾನು ಅಳುತ್ತಿದ್ದೆ. "ಈಗ ನೀನು ಶುರು ಮಾಡಿದ್ಯಾ? ನಿನಗೆ ಯಾವ ಸೂಜಿ ಕೊಟ್ರು?" ಎಂದು ಸೀಟ್ ಬೆಲ್ಟಿನ ಟವೆಲನ್ನೇ ಬಿಚ್ಚಿ ಕೊಟ್ಟರು.

ಅಕ್ಕನಿಗೆ ಹೇಳಲೇಬೇಕಾಯಿತು. ಅವಳು ಕೂಗಲಿಲ್ಲ, ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು, "ನಾಳೆ ಮೂವರೂ ಹೋಗ್ತೀವಿ. ಈ ಸಲ ಮಾತಾಡೋದು ನಾನು. ಇವರು ಎದ್ದು ನಿಂತ್ರೆ ಅಂಗಿ ಹಿಡಿದು ಕೂರಿಸು" ಎಂದು ನನಗೆ ಅಪ್ಪಣೆ ಕೊಟ್ಟಳು.

ಆಸ್ಪತ್ರೆಯ ಉದ್ದ ಹಜಾರದಲ್ಲಿ ಮಧ್ಯಾಹ್ನದವರೆಗೆ ಕಾದೆವು. ಪ್ಲಾಸ್ಟಿಕ್ ಕುರ್ಚಿಗಳು, ಒಂದಕ್ಕೊಂದು ಬೆಸೆದವು, ಒಬ್ಬರು ಅಲ್ಲಾಡಿದರೆ ಇಡೀ ಸಾಲು ಅಲ್ಲಾಡುತ್ತಿತ್ತು. ಕೊನೆಗೂ ಒಳಗೆ ಕರೆದರು. ಡಾಕ್ಟರು ಪರದೆ ನೋಡಿದರು.

"ಒಂದು ಸೂಜಿ ತಪ್ಪಿದೆ. ಆದ್ರೂ ಸಂಖ್ಯೆ ಇನ್ನೂ ಚೆನ್ನಾಗೇ..."

"ಡಾಕ್ಟ್ರೇ" ಎಂದಳು ಅಕ್ಕ, "ನಾನು ಆ ಸಂಖ್ಯೆ ಜೊತೆ ಸಂಸಾರ ಮಾಡ್ತಿಲ್ಲ."

ಡಾಕ್ಟರು ಕತ್ತೆತ್ತಿದರು.

"ಆ ಸಂಖ್ಯೆ ನನ್ನ ಜೊತೆ ಊಟಕ್ಕೆ ಕೂರಲ್ಲ. ಊಟಕ್ಕೆ ಕೂರೋರು ಇವರು. ಇವರು ಅಳ್ತಾರೆ. ತಾವಿರೋ ಊರಲ್ಲಿ ದಾರಿ ತಪ್ತಾರೆ. ಬೆಳಗ್ಗೆ ಎಚ್ಚರ ಆಗಬಾರದು ಅಂತಾರೆ. ನೀವು ಸೆಖೆ ಆಗುತ್ತೆ, ಸುಸ್ತಾಗುತ್ತೆ, ಅಷ್ಟೇ ಅಂದ್ರಿ. ಇದು ಅಷ್ಟೇನಾ? ನಮ್ಮ ಮನೇಲಿ ಯಾರಿಗೆ ಹೇಳಿದ್ರೂ ವಯಸ್ಸಾಯ್ತು ಅಂತಾರೆ. ನೀವಾದ್ರೂ ಹೇಳಿ, ನನಗೆ ಹುಚ್ಚಾ, ಇವರಿಗೆ ಹುಚ್ಚಾ, ಇಲ್ಲ ಇದು ಈ ಸೂಜಿ ಕೆಲಸಾನಾ?"

ಡಾಕ್ಟರು ಕುರ್ಚಿಯನ್ನು ಪರದೆಯಿಂದ ನಮ್ಮ ಕಡೆಗೆ ತಿರುಗಿಸಿದರು. ಜಗಳಕ್ಕೆ ಬರುತ್ತಾರೆಂದುಕೊಂಡೆ. ಅವರು, "ನಾನು ಮೊದಲೇ ಸರಿಯಾಗಿ ಹೇಳ್ಬೇಕಿತ್ತು. ಪ್ರತಿ ಸಲ ಕೇಳ್ಬೇಕಿತ್ತು" ಎಂದರು. ಆಮೇಲೆ ಭಾವನನ್ನೇ ನೋಡುತ್ತ ವಿವರಿಸಿದರು. ಆ ಹಾರ್ಮೋನು ಬರಿಯ ಗಡ್ಡ ಮೀಸೆಯದಲ್ಲ, ನಿದ್ದೆ, ಹುರುಪು, ಮನಸ್ಸಿನಲ್ಲೂ ಅದರ ಕೈವಾಡವಿದೆ. ಅದನ್ನು ನಿಲ್ಲಿಸಿದಾಗ ಖಿನ್ನತೆ ಬರುವ ಸಾಧ್ಯತೆ ಹೆಚ್ಚು. ಬಂದರೆ ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ, ಸಹಿಸಿಕೊಂಡು ಕೂರಬೇಕಿಲ್ಲ.

"ಮತ್ತೆ ಮರೆವು?" ಎಂದು ಭಾವ ಕೇಳಿದರು. ಅಲ್ಲಿ ಅವರು ಬಾಯಿಬಿಟ್ಟಿದ್ದು ಅದೇ ಮೊದಲು.

"ಅದು ಅಷ್ಟು ಸ್ಪಷ್ಟವಾಗಿಲ್ಲ. ಕೆಲವು ಅಧ್ಯಯನಗಳು ಸೂಜಿಗೂ ಮರೆವಿಗೂ ಸಂಬಂಧ ಇದೆ ಅನ್ನುತ್ವೆ, ಕೆಲವು ಇಲ್ಲ ಅನ್ನುತ್ವೆ. ನಿದ್ದೆ ಕೆಟ್ರೂ ಹೀಗಾಗುತ್ತೆ, ಖಿನ್ನತೆ ಇದ್ರೂ ಹೀಗಾಗುತ್ತೆ."

"ಅಂದ್ರೆ ನಿಮಗೂ ಗೊತ್ತಿಲ್ಲ" ಎಂದಳು ಅಕ್ಕ.

"ಪೂರ್ತಿ ಗೊತ್ತಿಲ್ಲ."

ವಿಚಿತ್ರ ನೋಡಿ, ಅಷ್ಟು ದಿನಗಳಲ್ಲಿ ಅಕ್ಕನಿಗೆ ಸಮಾಧಾನವಾದದ್ದು ಆ ಒಂದು ಉತ್ತರದಿಂದ. ಬೆನ್ನನ್ನು ಕುರ್ಚಿಗೆ ಆನಿಸಿ ಕೂತಳು.

ಸೂಜಿ ಪೂರ್ತಿ ಬಿಡುವುದು ಸದ್ಯಕ್ಕೆ ಬೇಡ, ವಿಕಿರಣದ ಲಾಭ ಉಳಿಯಬೇಕಾದರೆ ಇನ್ನಷ್ಟು ತಿಂಗಳು ಬೇಕು ಎಂದರು ಡಾಕ್ಟರು. ಆದರೆ ಎರಡು ವರ್ಷವೇ ಆಗಬೇಕೆಂದಿಲ್ಲ, ಒಂದೂವರೆ ವರ್ಷಕ್ಕೆ ನಿಲ್ಲಿಸುವ ಬಗ್ಗೆ ಕೂತು ಯೋಚಿಸೋಣ, ಅದರಲ್ಲಿ ಸ್ವಲ್ಪ ಅಪಾಯವೂ ಇದೆ, ಅದನ್ನೂ ಮುಚ್ಚಿಡದೆ ಹೇಳುತ್ತೇನೆ ಎಂದರು. ಎಚ್ಚರವಾಗಬಾರದು ಎಂಬ ಮಾತನ್ನು ಹಗುರವಾಗಿ ಬಿಡಲಿಲ್ಲ. ಅಲ್ಲಿಂದಲೇ ಮನೋವೈದ್ಯರಿಗೆ ಫೋನು ಮಾಡಿ, ಆ ದಿನವೇ ನೋಡುವಂತೆ ಕೇಳಿಕೊಂಡರು.

ಆ ದಿನ ಸಂಜೆಗೆ ಭಾವ ಸೂಜಿ ಹಾಕಿಸಿಕೊಂಡರು. ಈ ಸಲ ಪಟ್ಟಿ ನಿಜವಾದದ್ದು. ಅಕ್ಕ ಅಂಗಿ ಎತ್ತಿ ನೋಡಿಯೇ ಬಿಟ್ಟಳು, ಹಜಾರದಲ್ಲಿ ಎಲ್ಲರೆದುರು. "ಏಯ್, ಮಾನ ತೆಗೀಬೇಡ್ವೇ" ಎಂದರು ಭಾವ.

ಮುಂದಿನದು ಒಂದೇ ದಿನದಲ್ಲಿ ಸರಿಹೋಯಿತೆಂದು ಯಾರೂ ತಿಳಿಯಬಾರದು. ಮನೋವೈದ್ಯರು ಕೊಟ್ಟ ಮಾತ್ರೆ ಕೆಲಸ ಶುರುಮಾಡಲು ವಾರಗಳೇ ಹಿಡಿದವು. ಅಷ್ಟು ದಿನವೂ ಭಾವ, "ಇದರಿಂದ ಬಾಯಿ ಒಣಗೋದು ಬಿಟ್ರೆ ಇನ್ನೇನೂ ಆಗಿಲ್ಲ" ಎಂದು ನಮ್ಮ ತಲೆ ತಿಂದರು. ನೆನಪಿನ ಪರೀಕ್ಷೆಯಲ್ಲಿ ಗಡಿಯಾರದ ಚಿತ್ರ ಬರೆಸಿದರೆಂದು ಮನೆಗೆ ಬಂದು ಕೂಗಾಡಿದರು. "ಒಂದನೇ ಕ್ಲಾಸಿಗೆ ಸೇರಿಸಿದ್ರಾ ನನ್ನ?" ಗಡಿಯಾರ ಸರಿಯಾಗಿಯೇ ಬರೆದಿದ್ದರಂತೆ. ಹೇಳಿಕೊಟ್ಟ ಪದಗಳನ್ನು ನೆನಪಿಸಿಕೊಳ್ಳುವಾಗ ಮಾತ್ರ ಎಡವಿದ್ದರು. ಬುದ್ಧಿ ಸವೆಯುವ ಕಾಯಿಲೆಯ ಲಕ್ಷಣ ಈಗ ಕಾಣುತ್ತಿಲ್ಲ, ಗಮನ ಚದುರುತ್ತಿದೆ, ಮುಂದೆ ಮತ್ತೊಮ್ಮೆ ನೋಡೋಣ ಎಂದರು ಮನೋವೈದ್ಯರು. ಕಾವು ಏರುವುದಕ್ಕೆ ಇನ್ನೊಂದು ಔಷಧಿ ಬಂತು. ಅದರಿಂದ ನಿದ್ದೆ ಸ್ವಲ್ಪ ನಿದ್ದೆಯಂತಾಯಿತು.

ಎಲ್ಲಕ್ಕಿಂತ ದೊಡ್ಡ ರಂಪವೆಂದರೆ ವ್ಯಾಯಾಮದ್ದು. ಭಾರ ಎತ್ತಬೇಕು, ದಿನಾ ಬಿರುಸಾಗಿ ನಡೆಯಬೇಕು, ಮೂಳೆಗೂ ಮನಸ್ಸಿಗೂ ಒಳ್ಳೆಯದು ಎಂದಿದ್ದರು ಡಾಕ್ಟರು. ಜನ್ಮವಿಡೀ ಕಾರಿನಲ್ಲೇ ಕೂತ ಮನುಷ್ಯ! "ನಡೆಯೋದು ಕಾರಿಲ್ಲದವರ ಕೆಲಸ" ಎಂದು ಹಟ ಹಿಡಿದರು. ಅಕ್ಕ ಮಾತಾಡದೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ತಾವು ಹೊರಡುವವರೆಗೂ ಅವಳು ನಿಂತೇ ಇರುತ್ತಾಳೆಂದು ಗೊತ್ತಾದ ಮೇಲೆ ಬೈಯುತ್ತ ಹೊರಟರು. ಬೀದಿಯ ತುದಿಯವರೆಗೆ ಬೈಗುಳ ಕೇಳಿಸುತ್ತಿತ್ತು.

ಶಾಲೆಗೂ ಮೆಲ್ಲಗೆ ಬರತೊಡಗಿದರು. ರಸ್ತೆಗೆ ಇಳಿಯುವುದಿಲ್ಲ ಎಂದು ತಾವೇ ಷರತ್ತು ಹಾಕಿಕೊಂಡರು. ಪರೀಕ್ಷಾ ಮೈದಾನದಲ್ಲಿ ಹಿಂದಕ್ಕೆ ಓಡಿಸುವುದು, ಏರಿನಲ್ಲಿ ನಿಲ್ಲಿಸುವುದು, ಇಕ್ಕಟ್ಟಿನಲ್ಲಿ ಗಾಡಿ ತೂರಿಸುವುದು ಅವರ ಪಾಲು, ರಸ್ತೆಯದು ನನ್ನ ಪಾಲು. ಪದ ಮರೆತರೆ, "ಹೆಸರು ಮರೆತೋಯ್ತು, ಆ ಎಡಗಾಲಿನ ಪೆಡಲ್ಲು" ಎಂದು ಮುಜುಗರವಿಲ್ಲದೆ ಹೇಳುತ್ತಿದ್ದರು. ಕಲಿಯುವವರಿಗೆ ಅದರಿಂದೇನೂ ನಷ್ಟವಾಗಲಿಲ್ಲ. ಕನ್ನಡಕದಂಗಡಿಯವಳು ಮೂರನೆಯ ಸಲ ಪರೀಕ್ಷೆಗೆ ಹೋಗಿ ಪಾಸಾದಳು, ಹೊಸ ಲೈಸೆನ್ಸು ಹಿಡಿದು ಭಾವನ ಕಾಲಿಗೆ ಬೀಳಲು ಬಂದಳು. ಭಾವ ಕಾಲು ಹಿಂದಕ್ಕೆಳೆದುಕೊಂಡು, "ನನ್ನ ಕಾಲಿಗಲ್ಲ, ನಾನು ನಿನ್ನ ಕಾಲಿಗೆ ಬೀಳ್ಬೇಕು" ಎಂದರು. ಇಬ್ಬರೂ ಅತ್ತರು. ಆ ಅಳುವಿಗೆ ಯಾವ ಸೂಜಿಯೂ ಕಾರಣವಲ್ಲವೆಂದು ನಾನು ಬಿಟ್ಟುಬಿಟ್ಟೆ.

ಒಂದೂವರೆ ವರ್ಷ ತುಂಬಿದಾಗ ಡಾಕ್ಟರು ಮಾತು ಉಳಿಸಿಕೊಂಡರು. ಲಾಭ ಇಷ್ಟು, ಅಪಾಯ ಇಷ್ಟು ಎಂದು ಎರಡನ್ನೂ ಎದುರಿಗಿಟ್ಟರು. ನಿರ್ಧಾರ ಭಾವನದೇ. ಸೂಜಿ ನಿಲ್ಲಿಸಿದರು. ಅಕ್ಕ ಹೆದರಿಕೊಂಡೇ ಒಪ್ಪಿದಳು. ನಿಲ್ಲಿಸಿದ ಮರುದಿನವೇ ಹಳೆಯ ಮನುಷ್ಯ ಎದ್ದು ಬರುತ್ತಾನೆಂದು ಕಾದದ್ದು ನಮ್ಮ ಪೆದ್ದುತನ. ಹಾರ್ಮೋನು ಮರಳುವುದಕ್ಕೇ ತಿಂಗಳುಗಟ್ಟಲೆ ಬೇಕು, ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲವಂತೆ. ಈಗಲೂ ಅವರಿಗೆ ಜನರ ಹೆಸರು ಥಟ್ಟನೆ ಬರುವುದಿಲ್ಲ. ಸಿಡುಕುತ್ತಾರೆ, ಆದರೆ ಸಿಡುಕಿದ್ದು ತಮಗೇ ಗೊತ್ತಾಗುತ್ತದೆ. ಬೆಳಗ್ಗೆ ಏಳುತ್ತಾರೆ. ಎದ್ದವರು ಕಾಫಿಗೆ ಕೂಗುತ್ತಾರೆ.

ಹೋದ ವಾರ ಮೂವರೂ ತಪಾಸಣೆಗೆ ಹೋದಾಗ ಹಜಾರದಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಕಟ್ಟಡದ ಗುತ್ತಿಗೆದಾರರು ಕೂತಿದ್ದರು, ಹೆಂಡತಿಯ ಜೊತೆ. ಮೊದಲ ಸೂಜಿಗೆ ಬಂದಿದ್ದರು. ಭಾವನಿಗೆ ತಡೆಯಲಾಗಲಿಲ್ಲ.

"ನೋಡಿ, ಎಲ್ಲರಿಗೂ ಆಗುತ್ತೆ ಅಂತಲ್ಲ" ಎಂದು ಶುರುಮಾಡಿದರು. "ಆದ್ರೆ ಮನಸ್ಸು ಕುಗ್ಗಿದ್ರೆ, ಮರೆವು ಬಂದ್ರೆ, ಮುಚ್ಚಿಡಬೇಡಿ. ಡಾಕ್ಟರ ಹತ್ರ ಹೇಳಿ. ಮನೇಲೂ ಹೇಳಿ."

"ಹೇ, ನಾವು ಗಟ್ಟಿ ಆಳು. ನಮಗೇನೂ ಆಗಲ್ಲ ಬಿಡಿ" ಎಂದರು ಆ ಮನುಷ್ಯ, ಫೋನಿನಿಂದ ಕಣ್ಣೆತ್ತದೆ.

"ನಾನೂ ಗಟ್ಟಿ ಆಳೇ ಸ್ವಾಮಿ!"

"ಇರ್ಲಿ ಬಿಡಿ" ಎಂದು ಗುತ್ತಿಗೆದಾರರು ಎದ್ದು ಸಿಮೆಂಟಿನ ಲೋಡಿನ ಬಗ್ಗೆ ಯಾರೊಡನೆಯೋ ಮಾತಾಡುತ್ತ ದೂರ ಹೋದರು. ಭಾವನ ಮುಖ ಕೆಂಪಾಯಿತು. "ಏನ್ ಜನ ಇವರು! ಒಳ್ಳೇದಕ್ಕೆ ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ" ಎಂದು ನನ್ನ ಕಡೆ ತಿರುಗಿ ಗೊಣಗಿದರು.

ಆ ಕಡೆ ಗುತ್ತಿಗೆದಾರರ ಹೆಂಡತಿ ಮೆಲ್ಲಗೆ ಒಂದು ಕುರ್ಚಿ ಸರಿದು, ಇಡೀ ಸಾಲನ್ನೇ ಅಲ್ಲಾಡಿಸಿ, ಅಕ್ಕನ ಪಕ್ಕಕ್ಕೆ ಬಂದಳು. ಗಂಡನ ಮುಖ ಅತ್ತ ತಿರುಗಿದೆಯೇ ಎಂದು ನೋಡಿಕೊಂಡು, ಫೋನು ಮುಂದೆ ಹಿಡಿದಳು.

"ನಿಮ್ಮ ನಂಬರ್ ಕೊಡ್ತೀರಾ ಅಕ್ಕಾ?"